ಬೆಳಗಿನ ಕಟಕಟ ಮತ್ತು ಒಂದು ಜಾಬ್ ಕಾರ್ಡು



ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಶೆಡ್ಡಿನಲ್ಲಿ ಕಾರು ಸ್ಟಾರ್ಟ್ ಮಾಡಿದೆ. ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ನನ್ನ ಹೆಂಡತಿ ಹಾಗೇ ನಿಂತು, "ಅದೆಂತದ್ರೀ ಕಟಕಟ ಅಂದಿದ್ದು?" ಅಂದಳು. ನನಗೆ ಏನೂ ಕೇಳಿಸಿರಲಿಲ್ಲ. ಕಿಟಕಿಯ ಗಾಜು ಏರಿಸಿತ್ತು ಅನ್ನುವುದು ನನ್ನ ನೆಪ. ಇಪ್ಪತ್ತೊಂಬತ್ತು ವರ್ಷ ಕಾರು ವರ್ಕ್‌ಶಾಪಿನಲ್ಲಿ ದುಡಿದ ಕಿವಿ ನನ್ನದು. ನಾನು ನಿವೃತ್ತಿಯಾದಾಗ ಅದೂ ನಿವೃತ್ತಿ ತೆಗೆದುಕೊಂಡಿತು ಅನ್ನುವುದು ಅವಳ ಅಭಿಪ್ರಾಯ.

ಮಾರನೇ ದಿನ ಬಾನೆಟ್ ಎತ್ತಿ ನಾನು ಹೊರಗೆ ನಿಂತೆ, ಕೀಲಿ ತಿರುಗಿಸಲು ಅವಳನ್ನು ಕೂರಿಸಿದೆ. ಹೌದು. ಒಂದು ತಗಡಿನ ಡಬ್ಬಿಯಲ್ಲಿ ಅಡಿಕೆ ಹಾಕಿ ಅಲ್ಲಾಡಿಸಿದ ಹಾಗೆ ಮೂರು ಸೆಕೆಂಡು ಕಟಕಟ, ಆಮೇಲೆ ಮೌನ. ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದಿಲ್ಲ. ಮಧ್ಯಾಹ್ನ ಮಾಡಿದರೂ ಇಲ್ಲ. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ನು ಬೆಳಿಗ್ಗೆ ಮೊದಲ ಸಲ ಏಳುವಾಗ ಮಾತ್ರ. ಕಾರು ತೆಗೆದುಕೊಂಡು ಎರಡು ವರ್ಷ ನಾಲ್ಕು ತಿಂಗಳಾಗಿತ್ತು, ಮೀಟರಿನಲ್ಲಿ 31,000 ಕಿಲೋಮೀಟರ್ ಇತ್ತು. ವಾರಂಟಿ ಮೂರು ವರ್ಷದ್ದು. ಹೀಗಾಗಿ, ಅಷ್ಟು ವರ್ಷ ಮೇಜಿನ ಆ ಕಡೆ ಕೂತು ಬೇರೆಯವರ ದೂರು ಬರೆದುಕೊಂಡವನು ಮೇಜಿನ ಈ ಕಡೆಯ ಕುರ್ಚಿಗೆ ಬಂದೆ. ಇವತ್ತಿನ ನನ್ನ ಮಾತು ಈ ಎರಡು ಕುರ್ಚಿಗಳ ನಡುವಿನದು: ವಾರಂಟಿಯಲ್ಲಿ ಇಂಜಿನ್ ರಿಪೇರಿಗೆ ಬಿಟ್ಟರೆ ಏನೇನು ನಡೆಯುತ್ತದೆ, ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಅನ್ನುವುದು.

ನಮ್ಮಲ್ಲಿ ಬಹಳ ಜನ ವಾರಂಟಿಗೂ ಗ್ಯಾರಂಟಿ ಅಂತಲೇ ಅನ್ನುತ್ತಾರೆ. ಕಾರಿನ ವಾರಂಟಿ ಪುಸ್ತಕದಲ್ಲಿ ಬರೆದಿರುವುದು ಇಷ್ಟು: ತಯಾರಿಕೆಯಲ್ಲೋ ಸಾಮಗ್ರಿಯಲ್ಲೋ ದೋಷವಿದ್ದು ಭಾಗವೊಂದು ಕೆಟ್ಟರೆ, ಕಂಪನಿ ಅದನ್ನು ಪುಕ್ಕಟೆಯಾಗಿ ಸರಿಮಾಡುತ್ತದೆ ಅಥವಾ ಬದಲಿಸುತ್ತದೆ. ಸರಿಮಾಡುವುದೋ ಬದಲಿಸುವುದೋ ಎಂಬ ತೀರ್ಮಾನ ಕಂಪನಿಯದು, ನಿಮ್ಮದಲ್ಲ. ಅವಧಿಗೆ ವರ್ಷದ ಲೆಕ್ಕವೂ ಇರುತ್ತದೆ, ಕಿಲೋಮೀಟರಿನ ಲೆಕ್ಕವೂ ಇರುತ್ತದೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಮಾರುತಿ ಸುಜುಕಿಯವರು 2 ವರ್ಷ ಅಥವಾ 40,000 ಕಿಲೋಮೀಟರ್ ಎಂದು ಇಟ್ಟಿದ್ದದ್ದನ್ನು 2024ರ ಜುಲೈನಲ್ಲಿ 3 ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿದರು. ಬಾಡಿಗೆಗೆ ಓಡಿಸುವ ಮಂದಿಗೆ ಇದರಲ್ಲಿ ವರ್ಷಕ್ಕಿಂತ ಕಿಲೋಮೀಟರೇ ಮುಖ್ಯ. ನಮ್ಮಂಥ ಸಂತೆ, ಮದುವೆ, ಆಸ್ಪತ್ರೆ ಎಂದು ಓಡಾಡುವವರಿಗೆ ವರ್ಷವೇ ಮೊದಲು ಮುಗಿಯುವುದು.

ಇನ್ನು ಆ ಕಟಕಟದ ಕಥೆ. ನಮ್ಮ ಊರಿನಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಹೊರಟು ಹತ್ತು ಗಂಟೆಗೆ ವರ್ಕ್‌ಶಾಪ್ ಮುಟ್ಟಿದೆ. ಯಾವ ವರ್ಕ್‌ಶಾಪ್, ಯಾವ ಕಂಪನಿ ಎಂದು ಕೇಳಬೇಡಿ. ಎಲ್ಲ ಕಡೆಯೂ ನಡೆಯುವುದು ಹೀಗೇ. ಸರ್ವಿಸ್ ಅಡ್ವೈಸರ್ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವರ್ಷದ ಹುಡುಗ. ಕೈಯಲ್ಲಿ ಟ್ಯಾಬ್ಲೆಟ್. ನಾನು ಹೇಳಿದ್ದನ್ನೆಲ್ಲ ಕೇಳಿ, ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ತಲೆ ಓರೆ ಮಾಡಿ ಕಿವಿಗೊಟ್ಟ. ಇಂಜಿನ್ನು ರೇಷ್ಮೆಯ ಹಾಗೆ ಓಡುತ್ತಿತ್ತು. "ಸರ್, ಏನೂ ಇಲ್ಲ, ನಾರ್ಮಲ್ ಸೌಂಡ್. ಎಲ್ಲಾ ಗಾಡೀಲೂ ಬರುತ್ತೆ" ಅಂದ.

ನನಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಈ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಸಾಲಾಗಿ ಹದಿನೈದು ಗಾಡಿ ನಿಂತಿರುತ್ತವೆ, ಹನ್ನೊಂದರ ಒಳಗೆ ಎಲ್ಲವನ್ನೂ ಒಳಕ್ಕೆ ಹಾಕಬೇಕು, ಅಂಥ ಹೊತ್ತಿನಲ್ಲಿ ಕಣ್ಣಿಗೆ ಕಾಣದ, ಕಿವಿಗೆ ಕೇಳದ ದೂರಿಗೆ 'ನಾರ್ಮಲ್' ಎಂಬ ಒಂದೇ ಮದ್ದು. ಆ ಹುಡುಗ ಸುಳ್ಳು ಹೇಳಲಿಲ್ಲ. 60 ಕಿಲೋಮೀಟರ್ ಓಡಿ ಬಂದ ಇಂಜಿನ್ನು ಕಾದು ಕೆಂಡವಾಗಿತ್ತು. ಅದು ಆಗ ಕಟಕಟ ಅನ್ನುವುದಾದರೂ ಹೇಗೆ?

ಇಲ್ಲಿ ಸ್ವಲ್ಪ ಇಂಜಿನ್ನಿನ ಒಳಗೆ ಇಣುಕಬೇಕು. ಕೆಳಗೆ ತಿರುಗುವ ಕ್ರ್ಯಾಂಕಿಗೂ ಮೇಲೆ ವಾಲ್ವುಗಳನ್ನು ಒತ್ತುವ ಕ್ಯಾಮಿಗೂ ನಡುವೆ ಒಂದು ಚೈನು ಇರುತ್ತದೆ, ಟೈಮಿಂಗ್ ಚೈನ್. ಸೈಕಲ್ ಚೈನಿನ ಹಾಗೆಯೇ ಅದು ಸಡಿಲವಾಗಬಾರದು. ಬಿಗಿಯಾಗಿಡಲು ಪಕ್ಕದಲ್ಲಿ ಟೆನ್ಷನರ್ ಎಂಬ ಒಂದು ಸಣ್ಣ ಪಿಸ್ಟನ್ನು, ಅದು ಒತ್ತುವ ಪ್ಲಾಸ್ಟಿಕ್ಕಿನ ಒಂದು ಗೈಡ್. ಬಹಳಷ್ಟು ಇಂಜಿನ್ನುಗಳಲ್ಲಿ ಟೆನ್ಷನರಿಗೆ ಬಲ ಬರುವುದು ಇಂಜಿನ್ ಆಯಿಲ್‌ನ ಒತ್ತಡದಿಂದ. ಗಾಡಿ ನಿಂತಾಗ ಒತ್ತಡ ಇರುವುದಿಲ್ಲ, ಆದರೂ ಒಳ್ಳೆಯ ಟೆನ್ಷನರ್ ತನ್ನೊಳಗಿನ ಆಯಿಲನ್ನು ಬಿಟ್ಟುಕೊಡದೆ ಹಿಡಿದುಕೊಂಡಿರುತ್ತದೆ. ಕೆಟ್ಟದ್ದು ರಾತ್ರಿಯೆಲ್ಲ ಸೋರಿಸಿಕೊಂಡು ಕೂತಿರುತ್ತದೆ. ಬೆಳಿಗ್ಗೆ ಪಂಪು ಆಯಿಲ್ ಮೇಲೆ ಕಳಿಸುವ ತನಕ, ಎರಡು ಮೂರು ಸೆಕೆಂಡು, ಸಡಿಲ ಚೈನು ಅತ್ತಿತ್ತ ಬಡಿಯುತ್ತದೆ. ಅದೇ ಆ ಕಟಕಟ. ಮೂರು ಸೆಕೆಂಡಿನ ಸದ್ದು ತಾನೆ ಎಂದು ವರ್ಷಗಟ್ಟಲೆ ಬಿಟ್ಟರೆ ಗೈಡ್ ಸವೆದು ಒಡೆಯಬಹುದು, ಚೈನು ಒಂದು ಹಲ್ಲು ಹಾರಬಹುದು. ಆಗ ಎಷ್ಟೋ ಇಂಜಿನ್ನುಗಳಲ್ಲಿ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಅಷ್ಟು ಹೊತ್ತಿಗೆ ವಾರಂಟಿ ಮುಗಿದಿರುತ್ತದೆ ಅನ್ನುವುದು ಗಾಡಿಗಳ ಲೋಕದ ಒಂದು ಅಲಿಖಿತ ನಿಯಮ.

ಹುಡುಗನಿಗೆ ನಾನು ಎರಡು ವಿಷಯ ಹೇಳಿದೆ. ಮೊದಲನೆಯದು, ಗಾಡಿ ಒಳಕ್ಕೆ ತೆಗೆದುಕೊಳ್ಳುವಾಗ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನ ಬಗ್ಗೆ: "ಜಾಬ್ ಕಾರ್ಡಿನಲ್ಲಿ 'ಇಂಜಿನ್ ನಾಯ್ಸ್' ಅಂತ ಬರೀಬೇಡಪ್ಪ. 'ರಾತ್ರಿ ನಿಂತ ಮೇಲೆ ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮೂರು ಸೆಕೆಂಡು ಚೈನ್ ಕಡೆಯಿಂದ ಕಟಕಟ' ಅಂತ ಬರಿ." ಎರಡನೆಯದು, "ಗಾಡಿ ಇವತ್ತು ಇಲ್ಲೇ ಇರಲಿ. ನಾಳೆ ಬೆಳಿಗ್ಗೆ ನೀವು ಗೇಟು ತೆಗೆದ ಕೂಡಲೆ ಮೊದಲು ಇದನ್ನು ಸ್ಟಾರ್ಟ್ ಮಾಡಿ. ಅಲ್ಲೀ ತನಕ ಯಾರೂ ಕೀ ಮುಟ್ಟೋದು ಬೇಡ." ಜೊತೆಗೆ ಮನೆಯಲ್ಲಿ ಫೋನಿನಲ್ಲಿ ಹಿಡಿದ ವಿಡಿಯೋ ತೋರಿಸಿದೆ. ಸದ್ದಿನ ಜೊತೆಗೆ ಕಿಲೋಮೀಟರ್ ರೀಡಿಂಗೂ ಕಾಣುವ ಹಾಗೆ ತೆಗೆದಿದ್ದೆ.

ವಾರಂಟಿ ರಿಪೇರಿಯ ಅರ್ಧ ಕೆಲಸ ಈ ಜಾಬ್ ಕಾರ್ಡಿನಲ್ಲೇ ಮುಗಿಯುತ್ತದೆ, ಉಳಿದರ್ಧ ಮಾತ್ರ ಸ್ಪ್ಯಾನರಿನದು ಎಂದು ನಾನು ನಂಬಿದವನು. ಯಾಕೆಂದರೆ ನಿಮ್ಮ ಎದುರು ಕೂತ ಹುಡುಗ ನಿಮ್ಮ ಇಂಜಿನ್ನಿನ ಹಣೆಬರಹ ಬರೆಯುವವನಲ್ಲ. ಬರೆಯುವ ಕಂಪನಿ ದೂರದಲ್ಲಿದೆ, ಅದಕ್ಕೆ ನಿಮ್ಮ ಕಾರಿನ ಸದ್ದು ಕೇಳುವುದಿಲ್ಲ, ಜಾಬ್ ಕಾರ್ಡಿನ ಅಕ್ಷರ ಮಾತ್ರ ಕಾಣುತ್ತದೆ.

ಇದರ ಹಿಂದಿನ ದುಡ್ಡಿನ ಲೆಕ್ಕ ಗಿರಾಕಿಗಳಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೆ ಜಗಳ ಕಮ್ಮಿಯಾಗುತ್ತದೆ. ಡೀಲರ್ ಬೇರೆ, ಕಂಪನಿ ಬೇರೆ. ವಾರಂಟಿ ಕೊಟ್ಟಿರುವುದು ಕಂಪನಿ. ಕೆಲಸ ಮಾಡುವುದು ಡೀಲರ್. ಮಾಡಿದ ಮೇಲೆ ಡೀಲರ್ ಕಂಪನಿಗೆ ಕ್ಲೇಮ್ ಕಳಿಸಬೇಕು. ಕೆಲಸಕ್ಕೆ ಇಷ್ಟು ಗಂಟೆ ಎಂದು ಕಂಪನಿ ಮೊದಲೇ ಕಟ್ಟಿಟ್ಟಿರುತ್ತದೆ. ಚೈನು ಬದಲಿಸಲು ಆರು ಗಂಟೆ ಎಂದು ಇದ್ದರೆ, ತುಕ್ಕು ಹಿಡಿದ ಬೋಲ್ಟು ಮುರಿದು ಎಂಟು ಗಂಟೆ ಹಿಡಿದರೂ ಸಿಗುವುದು ಆರರ ಕೂಲಿ. ಅದೂ ಸಾಮಾನ್ಯವಾಗಿ ನಿಮ್ಮ ನನ್ನಂಥವರು ಕೈಯಿಂದ ಕೊಡುವ ಕೂಲಿಗಿಂತ ಕಮ್ಮಿ ದರ. ಸದ್ದು ಎಲ್ಲಿಂದ ಎಂದು ಹುಡುಕುತ್ತ ಟೆಕ್ನಿಷಿಯನ್ ಕಳೆದ ಎರಡು ಗಂಟೆಗೆ ಬಹಳ ಸಲ ಏನೂ ಸಿಗುವುದಿಲ್ಲ. ಬಿಚ್ಚಿದ ಹಳೇ ಭಾಗವನ್ನು ಚೀಟಿ ಅಂಟಿಸಿ ಎತ್ತಿಡಬೇಕು. ಕಂಪನಿ ಕೇಳಿದರೆ ಕಳಿಸಬೇಕು. ಅಲ್ಲಿ ಪರೀಕ್ಷೆ ಮಾಡಿ 'ಈ ಭಾಗದಲ್ಲಿ ದೋಷವಿಲ್ಲ' ಎಂದುಬಿಟ್ಟರೆ ಕೊಟ್ಟ ದುಡ್ಡನ್ನೂ ಡೀಲರಿನ ಲೆಕ್ಕದಿಂದ ಮುರಿದುಕೊಳ್ಳುತ್ತಾರೆ. ಆದ್ದರಿಂದ ಇಂಜಿನ್ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ದೋಷದ ಕೋಡು ತೋರಿಸುವ ಕಾಯಿಲೆ ಎಂದರೆ ವರ್ಕ್‌ಶಾಪಿಗೆ ಪ್ರೀತಿ: ಕೋಡು ಪ್ರಿಂಟ್ ಹೊಡೆದು ಕ್ಲೇಮಿಗೆ ಲಗತ್ತಿಸಿದರಾಯಿತು. ಕೋಡಿಲ್ಲದ ಸದ್ದು ಯಾರಿಗೂ ಬೇಡದ ಕೂಸು. ನಾನು ಆ ಕುರ್ಚಿಯಲ್ಲಿದ್ದಾಗ ನನಗೂ ಬೇಡವಾಗಿತ್ತು, ಒಪ್ಪಿಕೊಳ್ಳುತ್ತೇನೆ.

ವಾರಂಟಿಯಲ್ಲಿ ಬಿಚ್ಚಿದ ಹಳೇ ಭಾಗ ನಿಮಗೆ ಕೊಡುವುದಿಲ್ಲ, ಅದು ಕಂಪನಿಯದು. ನೋಡಲು ಕೇಳಿ, ತೋರಿಸುತ್ತಾರೆ. ನೀವೇ ದುಡ್ಡು ಕೊಟ್ಟು ಹಾಕಿಸಿದ್ದರೆ ಮಾತ್ರ ಹಳೆಯದನ್ನು ಕೇಳಿ ಡಿಕ್ಕಿಯಲ್ಲಿ ಹಾಕಿಸಿಕೊಳ್ಳಿ.

ಮಾರನೇ ಬೆಳಿಗ್ಗೆ ಎಂಟೂವರೆಗೆ ಆ ಹುಡುಗನೇ ಫೋನ್ ಮಾಡಿದ. "ಸರ್, ಬಂತು ಸರ್, ಕೇಳಿಸ್ತು!" ಕಳೆದುಹೋದ ಕರು ಸಿಕ್ಕಿದಷ್ಟು ಸಂತೋಷ ಅವನ ದನಿಯಲ್ಲಿ. ನನಗೂ ಅಷ್ಟೇ ಸಂತೋಷ. ಆಮೇಲೆ ಶುರುವಾಯಿತು ಕಾಯುವ ಕೆಲಸ. ಇಂಜಿನ್ ಬಿಚ್ಚುವಷ್ಟು ದೊಡ್ಡ ರಿಪೇರಿಗೆ ಡೀಲರ್ ತಾನಾಗಿ ಕೈ ಹಾಕುವಂತಿಲ್ಲ, ಮೇಲಿನಿಂದ ಅಪ್ರೂವಲ್ ಬರಬೇಕು. ಕಂಪನಿಯ ಏರಿಯಾ ಮ್ಯಾನೇಜರ್ ಬರಬೇಕು, ಇಲ್ಲವೇ ಫೋಟೋ, ವಿಡಿಯೋ, ಸರ್ವಿಸ್ ಹಿಸ್ಟರಿ ಎಲ್ಲ ಅವರಿಗೆ ಹೋಗಬೇಕು. ನನ್ನದಕ್ಕೆ ಅಪ್ರೂವಲ್ ಬರಲು ಐದು ದಿನ, ಪಾರ್ಟ್ಸ್ ಬರಲು ಒಂಬತ್ತು ದಿನ, ಕೆಲಸಕ್ಕೆ ಎರಡು ದಿನ. ಈ ಹದಿನಾರು ದಿನ ನಾವು ಬಸ್ಸಿನಲ್ಲಿ ಓಡಾಡಿದೆವು. ಬದಲಿ ಗಾಡಿ ಕೊಡುತ್ತಾರೆಯೇ ಎಂದು ಕೇಳುವವರಿದ್ದಾರೆ. ದುಬಾರಿ ಕಾರುಗಳ ಕಡೆ ಕೆಲವು ಕೊಡುತ್ತಾರೆ, ನಮ್ಮ ನಿಮ್ಮ ಕಾರಿಗೆ ಸಾಮಾನ್ಯವಾಗಿ ಇಲ್ಲ. ಓಡಾಟದ ಖರ್ಚು, ಕೂಲಿ ತಪ್ಪಿದ್ದು, ಬ್ಯಾಂಕಿನ ಕಂತು ಇವು ಯಾವುದಕ್ಕೂ ವಾರಂಟಿ ಪುಸ್ತಕದಲ್ಲಿ ಜಾಗವಿಲ್ಲ. ಗಾಡಿ ವರ್ಕ್‌ಶಾಪಿನಲ್ಲಿ ನಿಂತ ದಿನಗಳನ್ನು ವಾರಂಟಿಗೆ ಸೇರಿಸಿ ಕೊಡುವ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ. ಹೊಸದಾಗಿ ಹಾಕಿದ ಚೈನಿಗೆ ಮತ್ತೆ ಮೂರು ವರ್ಷ ಸಿಗುತ್ತದೆ ಎಂದು ನೀವು ಅಂದುಕೊಂಡಿದ್ದರೆ ಅದೂ ತಪ್ಪು; ಮೊದಲಿನ ವಾರಂಟಿಯಲ್ಲಿ ಉಳಿದಷ್ಟೇ ಅದಕ್ಕೂ.

ಬಿಚ್ಚುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಓದದೆ ಸಹಿ ಹಾಕಬೇಡಿ. ಒಳಗೆ ಸಿಗುವ ದೋಷ ವಾರಂಟಿಗೆ ಬರದಿದ್ದರೆ ಬಿಚ್ಚಿದ ಕೂಲಿ ನೀವೇ ಕೊಡಬೇಕು ಎಂದು ಅದರಲ್ಲಿ ಇರುತ್ತದೆ. ಇದರಲ್ಲಿ ಮೋಸವೇನಿಲ್ಲ. ಆದರೆ ಎಷ್ಟು ಎಂಬ ಅಂಕಿಯನ್ನು ಅಲ್ಲೇ ಬರೆಸಿಕೊಳ್ಳಿ.

ಬಿಚ್ಚುವ ದಿನ ನಾನು ಹೋಗಿದ್ದೆ. ಹಳಬ ಎಂದು ಒಳಕ್ಕೆ ಬಿಟ್ಟರು. ಟೆಕ್ನಿಷಿಯನ್ ಇಂಜಿನ್ನಿನ ಮುಂದಿನ ಕವರ್ ತೆಗೆದು ಬೆಂಚಿನ ಮೇಲಿಟ್ಟ. ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿಟ್ಟಿದ್ದ. ನನಗೆ ಅವನ ಮೇಲೆ ಗೌರವ ಬಂದದ್ದು ಆಗ. ಪ್ಲಾಸ್ಟಿಕ್ ಗೈಡಿನ ಮೇಲೆ ಚೈನು ಓಡಿದ ಕಡೆ ಎರಡು ಗೀರು, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಟೆನ್ಷನರನ್ನು ಹೆಬ್ಬೆರಳಿನಲ್ಲಿ ಒತ್ತಿದ. ಗಟ್ಟಿಯಾಗಿ ನಿಲ್ಲಬೇಕಾದದ್ದು ಬಾಯಿಬಿಟ್ಟ ಸಿರಿಂಜಿನ ಹಾಗೆ ಒಳಕ್ಕೆ ಹೋಯಿತು. ಆಯಿಲ್ ಸಂಪು ಬಿಚ್ಚಿ ಸ್ಟ್ರೈನರಿನ ಜಾಲರಿಯನ್ನು ಬೆಳಕಿಗೆ ಹಿಡಿದ: ಎಳ್ಳಿನ ಕಾಳಿನಷ್ಟು ಕಪ್ಪು ಪ್ಲಾಸ್ಟಿಕ್ ಚೂರು, ಏಳೋ ಎಂಟೋ. ಸಂಪು ಬಿಚ್ಚುವುದು ಅವನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಆ ಚೂರುಗಳು ಅಲ್ಲೇ ಉಳಿದಿದ್ದರೆ ನಾಳೆ ಆಯಿಲ್ ದಾರಿಯನ್ನು ಕಟ್ಟುತ್ತಿದ್ದವು. ಕಂಪನಿ ಕಟ್ಟಿದ ಗಂಟೆಯ ಲೆಕ್ಕದಲ್ಲಿ ಬರದ ಇಂಥ ಅರ್ಧ ಗಂಟೆಯೇ ಒಳ್ಳೆಯ ಕೆಲಸಕ್ಕೂ ಬರೀ ಕೆಲಸಕ್ಕೂ ಇರುವ ವ್ಯತ್ಯಾಸ. ಅದನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ. ಜೊತೆಯಲ್ಲಿ ನಿಂತು ಒಂದು ಕಾಫಿ ಕುಡಿಸಿದರೆ ಕೆಲವೊಮ್ಮೆ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಜಿನ್ ಕೆಟ್ಟರೆ 'ಬೋರಿಗೆ ಬಂದಿದೆ' ಅನ್ನುತ್ತಿದ್ದರು. ಅಂಬಾಸಡರಿನದೋ ಫಿಯಟ್ಟಿನದೋ ಬ್ಲಾಕನ್ನು ಲೇತಿನವರ ಹತ್ತಿರ ಹೊತ್ತು, ಸಿಲಿಂಡರ್ ಬೋರು ಹೊಡೆಸಿ, ಒಂದು ಸೈಜು ದೊಡ್ಡ ಪಿಸ್ಟನ್ನು ಹಾಕಿ ಕೂರಿಸುವುದು. ಈಗಿನ ಡೀಲರ್ ವರ್ಕ್‌ಶಾಪಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ಸಿಲಿಂಡರಿನಲ್ಲಿ ಗೀರು ಬಿದ್ದಿದೆ, ಆಯಿಲ್ ಕುಡಿಯುತ್ತಿದೆ ಎಂದು ಖಾತ್ರಿಯಾದರೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ ಎಲ್ಲ ಸೇರಿದ ಹಾಫ್ ಇಂಜಿನ್ನನ್ನೇ ಕಂಪನಿಯಿಂದ ತರಿಸಿ ಹಾಕುತ್ತಾರೆ. ಆಯಿಲ್ ಕುಡಿಯುವುದನ್ನು ಖಾತ್ರಿ ಮಾಡುವುದಕ್ಕೂ ಒಂದು ಕ್ರಮವಿದೆ. ಆಯಿಲನ್ನು ಮೇಲಿನ ಗೆರೆಯ ತನಕ ತುಂಬಿ, ಡ್ರೈನ್ ಬೋಲ್ಟಿಗೂ ಡಿಪ್‌ಸ್ಟಿಕ್ಕಿಗೂ ಬಣ್ಣದ ಗುರುತು ಹಾಕಿ, ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ ಅನ್ನುತ್ತಾರೆ. ವಾಪಸು ಬಂದಾಗ ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. ಕಾಲಹರಣ ಮಾಡುತ್ತಿದ್ದಾರೆ ಎಂದು ಎಷ್ಟೋ ಜನ ರೇಗುವುದನ್ನು ನೋಡಿದ್ದೇನೆ. ರೇಗಬೇಡಿ. ಆ ಅಳತೆಯೇ ನಿಮ್ಮ ಸಾಕ್ಷಿ.

ಬ್ಲಾಕು ಬದಲಾದರೆ ಒಂದು ವಿಷಯವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಇಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಹೊಸ ಬ್ಲಾಕಿನ ಮೇಲೆ ಹೊಸ ನಂಬರಿದ್ದರೆ ನಿಮ್ಮ ಆರ್‌ಸಿಯಲ್ಲಿರುವುದು ತಪ್ಪಾಯಿತು. ಡೀಲರಿನಿಂದ ಪತ್ರ, ಬಿಲ್ಲು ತೆಗೆದುಕೊಂಡು ಆರ್‌ಟಿಒದಲ್ಲಿ ತಿದ್ದಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲದಿದ್ದರೆ ಐದು ವರ್ಷದ ಮೇಲೆ ಗಾಡಿ ಮಾರಲು ಹೋದಾಗ ಕಳ್ಳಮಾಲಿನ ಹಾಗೆ ನಿಲ್ಲಬೇಕಾಗುತ್ತದೆ.

ಇನ್ನು ವಾರಂಟಿಗೆ ಬರದದ್ದು. ಫಿಲ್ಟರು, ಸ್ಪಾರ್ಕ್ ಪ್ಲಗ್, ಬೆಲ್ಟು, ಕ್ಲಚ್ ಪ್ಲೇಟು ಇಂಥ ಸವೆಯುವ ಸಾಮಾನು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಪಿಕಪ್ ಹೆಚ್ಚಿಸಿಕೊಂಡ ಹುಡುಗರಿಗೆ ಬರುವುದಿಲ್ಲ. ಹಳೇ ಪ್ರೋಗ್ರಾಂ ವಾಪಸು ಹಾಕಿ ಬಂದರೂ ಸ್ಕ್ಯಾನರಿಗೆ ಬಹಳ ಸಲ ಗೊತ್ತಾಗಿಬಿಡುತ್ತದೆ. ಕಲಬೆರಕೆ ಪೆಟ್ರೋಲಿನಿಂದ ಕೆಟ್ಟದ್ದಕ್ಕೂ ಇಲ್ಲ, ಹಾಗಾಗಿ ಬಂಕಿನ ಬಿಲ್ಲನ್ನು ಹೊರಗೆ ಬಂದ ಕೂಡಲೆ ಗಾಳಿಗೆ ಬಿಡಬೇಡಿ.

ಆದರೆ ಜನ ಅತಿ ಹೆಚ್ಚು ಮೋಸಹೋಗುವುದು ನೀರಿನಲ್ಲಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ನೀರು ನಿಂತದ್ದು ನಿಮಗೆ ನೆನಪಿರಬಹುದು. ನನ್ನ ತಂಗಿಯ ಮಗನ ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿತ್ತು. ನೀರು ಇಳಿದ ಮೇಲೆ ಹೋಗಿ ನೋಡಿದ, ಗಾಡಿ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. "ಮಾವ, ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ?" ಎಂದು ಕೇಳಲು ನನಗೆ ಫೋನ್ ಮಾಡಿದ್ದು ಅವನ ಪುಣ್ಯ. ಬೇಡ ಅಂದೆ. ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಸುಮಾರು ಹತ್ತನೇ ಒಂದು ಪಾಲಿಗೆ ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಒಳಗೆ ಒಂದು ಲೋಟ ನೀರಿದ್ದು ಸ್ಟಾರ್ಟ್ ಹೊಡೆದರೆ ಮೇಲೆ ಬಂದ ಪಿಸ್ಟನ್ನು ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡು ಬಗ್ಗುತ್ತದೆ, ಕೆಲವೊಮ್ಮೆ ಬ್ಲಾಕನ್ನೇ ತೂತು ಮಾಡಿ ಹೊರಬರುತ್ತದೆ. ಇದು ತಯಾರಿಕೆಯ ದೋಷವಲ್ಲ, ಆದ್ದರಿಂದ ವಾರಂಟಿ ಇಲ್ಲ. ಹಾಗಾದರೆ ವಿಮೆ? ನೆರೆಯಿಂದಾದ ಹಾನಿಗೆ ಫುಲ್ ಇನ್ಶೂರೆನ್ಸ್ ಕೊಡುತ್ತದೆ, ಆದರೆ ನೀರಿದ್ದಾಗ ಸ್ಟಾರ್ಟ್ ಮಾಡಿ ಇಂಜಿನ್ ಕೆಡಿಸಿಕೊಂಡರೆ ಅದು ನಿಮ್ಮ ಕೈಯಿಂದ ಆದದ್ದು ಎಂದು ಸಾಮಾನ್ಯವಾಗಿ ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೆಂದೇ 'ಇಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ಕವರ್ ಇದೆ. ಪಾಲಿಸಿ ಮಾಡಿಸುವಾಗ ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕು. ಮಲೆನಾಡಿನಲ್ಲೂ ಹಳ್ಳ ತುಂಬಿದಾಗ ಸೇತುವೆಯ ಮೇಲೆ ನೀರು ಹರಿಯುತ್ತದೆ, ನಾವೂ ಧೈರ್ಯ ಮಾಡಿ ಇಳಿಸುತ್ತೇವೆ. ನಡುವೆ ಗಾಡಿ ಆಫ್ ಆದರೆ ಕೀಲಿಗೆ ಕೈ ಹಾಕದೆ ಇಳಿದು ತಳ್ಳಿಸಿ. ಸೋದರಳಿಯ ಗಾಡಿಯನ್ನು ಟೋ ಮಾಡಿಸಿದ. ಇಂಜಿನ್ ಉಳಿಯಿತು.

ಸರ್ವಿಸ್ ಪುಸ್ತಕದ ಬಗ್ಗೆ ಎರಡು ಮಾತು. ವರ್ಷಕ್ಕೊಮ್ಮೆ ಅಥವಾ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಂದಿದ್ದರೆ ಹಾಗೇ ಮಾಡಿಸಿ. ಒಂದು ಸರ್ವಿಸ್ ತಪ್ಪಿದ್ದರೂ ಅದನ್ನೇ ಹಿಡಿದು ಇಂಜಿನ್ ಕ್ಲೇಮನ್ನು ತಳ್ಳಿಹಾಕಿದ್ದು ನಾನು ಕಂಡಿದ್ದೇನೆ. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ? ಇದರ ಮೇಲೆ ದೊಡ್ಡ ಹೋರಾಟವೇ ನಡೆದಿದೆ. ಬಿಡಿಭಾಗಗಳನ್ನೂ ರಿಪೇರಿಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನಬಾರದು, ಆ ರಿಪೇರಿಯಿಂದ ಏನು ಕೆಟ್ಟಿತೋ ಅಷ್ಟಕ್ಕೆ ಮಾತ್ರ ಅನ್ನಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ನನ್ನ ಸಲಹೆ ಕೇಳಿದರೆ, ಹೊರಗಿನ ಮೆಕ್ಯಾನಿಕ್ಕುಗಳಲ್ಲಿ ಡೀಲರಿನವರಿಗಿಂತ ಬಲ್ಲವರು ಬೇಕಾದಷ್ಟು ಇದ್ದಾರೆ, ಆದರೂ ವಾರಂಟಿ ಇರುವಷ್ಟು ದಿನ ಡೀಲರಿನಲ್ಲೇ ಮಾಡಿಸಿ. ಅಲ್ಲಿ ಕೊಡುವ ದುಡ್ಡು ಆಯಿಲಿಗಲ್ಲ, ಕಂಪ್ಯೂಟರಿನಲ್ಲಿ ಬೀಳುವ ಎಂಟ್ರಿಗೆ. ವಾರಂಟಿ ಮುಗಿದು ಎರಡು ತಿಂಗಳಿಗೆ ಟರ್ಬೋ ಹೋದಾಗ, ಪಾರ್ಟು ನಾವು ಕೊಡುತ್ತೇವೆ, ಕೂಲಿ ನೀವು ಕೊಡಿ ಎಂದು ಕಂಪನಿಯವರು ಒಪ್ಪುವುದುಂಟು. ಅದಕ್ಕೆ ಗುಡ್‌ವಿಲ್ ಅನ್ನುತ್ತಾರೆ. ಅದು ಹಕ್ಕಲ್ಲ, ಕೇಳಿದವರಿಗೆ ಮಾತ್ರ ಸಿಗುವುದು, ಮತ್ತು ಕೊಡುವ ಮೊದಲು ಅವರು ತೆರೆದು ನೋಡುವುದು ಆ ಎಂಟ್ರಿಗಳನ್ನೇ.

ವಾರಂಟಿ ಮುಗಿದರೂ ಪುಕ್ಕಟೆಯಾಗಿ ಸಿಗುವ ಇನ್ನೊಂದು ರಿಪೇರಿ ರೀಕಾಲಿನದು. ಒಂದೇ ದೋಷ ಬಹಳ ಗಾಡಿಗಳಲ್ಲಿ ಕಂಡರೆ ಕಂಪನಿ ತಾನೇ ಕರೆಸಿ ಸರಿಮಾಡಿಕೊಡುತ್ತದೆ. ಸರ್ಕಾರವೇ ಹಾಗೆ ಆದೇಶ ಮಾಡುವ ಅಧಿಕಾರ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಬಂತು, ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ನಿಮ್ಮ ಗಾಡಿಗೆ ರೀಕಾಲ್ ಇದೆಯೇ ಎಂದು 17 ಅಕ್ಷರದ ಚಾಸಿಸ್ ನಂಬರನ್ನು ಕೊಟ್ಟು ಸರ್ವಿಸಿಗೆ ಹೋದಾಗ ಒಮ್ಮೆ ನೋಡಿಸಿ.

ಕ್ಲೇಮ್ ತಿರಸ್ಕಾರವಾದರೆ? ಕೂಗಾಡಿ ಪ್ರಯೋಜನವಿಲ್ಲ, ಆ ಹುಡುಗನ ಕೈಯಲ್ಲಿ ಏನೂ ಇಲ್ಲ. ಯಾಕೆ ತಿರಸ್ಕಾರ ಎಂದು ಬರಹದಲ್ಲಿ ಕೊಡಿ ಅನ್ನಿ. ಕಂಪನಿಯ ಗ್ರಾಹಕ ವಿಭಾಗಕ್ಕೆ ನೀವೇ ಬರೆದು ದೂರಿನ ನಂಬರ್ ಪಡೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲ ಆಗಿದೆ: ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದ ತನಕ ಜಿಲ್ಲೆಯ ಆಯೋಗಕ್ಕೇ ಬರುತ್ತದೆ, 5 ಲಕ್ಷದ ತನಕ ಶುಲ್ಕವೂ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಪ್ರಯತ್ನ ಎಂಬ ಮಾತಿನ ಮೇಲೆ ಬಹಳ ಭಾರ ಹಾಕಬೇಡಿ.

ಹಾಗೆಂದು ಹೊಸ ಕಾರೇ ಸಿಗುತ್ತದೆ ಎಂಬ ಆಸೆಯಿಂದ ಹೋಗಬೇಡಿ. ಹೊಸ ಕಾರಿನ ಕ್ಲಚ್ಚಿನ ತೊಂದರೆಯ ಬಗ್ಗೆ ಮಾರುತಿ ಉದ್ಯೋಗ್ ವಿರುದ್ಧ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ: ವಾರಂಟಿಯ ಷರತ್ತಿನಲ್ಲಿ ಇರುವುದು ದೋಷವಿರುವ ಭಾಗವನ್ನು ಸರಿಮಾಡುವ ಅಥವಾ ಬದಲಿಸುವ ಹೊಣೆ, ಇಡೀ ಕಾರನ್ನು ಬದಲಿಸುವುದಲ್ಲ. ದೋಷ ತಯಾರಿಕೆಯದೇ ಎಂದು ತೋರಿಸಲು ತಜ್ಞರ ವರದಿ ಬೇಕಾಗುತ್ತದೆ. ಅದೇ ದೂರಿಗೆ ಅದೇ ಗಾಡಿ ನಾಲ್ಕು ಸಲ ಒಳಗೆ ಹೋಗಿದೆ ಎಂದು ತೋರಿಸಲು ನಾಲ್ಕು ಜಾಬ್ ಕಾರ್ಡು ಬೇಕಾಗುತ್ತವೆ. 'ಸಣ್ಣದು ಸರ್, ಹಾಗೇ ನೋಡಿಕೊಡ್ತೀವಿ, ಕಾರ್ಡ್ ಬೇಡ' ಎಂದು ಪ್ರೀತಿಯಿಂದ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆ ಪ್ರೀತಿಗೆ ಒಪ್ಪಬೇಡಿ.

ಹದಿನೇಳನೇ ದಿನ ಗಾಡಿ ತರಲು ಹೋದೆ. ಬಿಲ್ಲಿನಲ್ಲಿ ಪಾರ್ಟ್ಸಿಗೂ ಕೂಲಿಗೂ ಸೊನ್ನೆ, ಆಯಿಲಿಗೂ ಕೂಲೆಂಟಿಗೂ ದುಡ್ಡು ಹಾಕಿದ್ದರು. ವಾರಂಟಿ ಕೆಲಸಕ್ಕಾಗಿಯೇ ಚೆಲ್ಲಿದ ಆಯಿಲಿಗೆ ನಾನು ಯಾಕೆ ಕೊಡಬೇಕು ಎಂದು ಕೇಳಿದೆ. ಹುಡುಗ ಒಳಗೆ ಹೋಗಿ ಬಂದು ಅದನ್ನೂ ತೆಗೆಸಿದ. ಎಲ್ಲ ಕಂಪನಿಯವರೂ ತೆಗೆಯುವುದಿಲ್ಲ, ಆದರೆ ಕೇಳುವುದಕ್ಕೇನು ಖರ್ಚು? ಜಾಬ್ ಕಾರ್ಡಿನ ಕೊನೆಗೆ ಯಾವ ಯಾವ ಭಾಗ ಬದಲಾಯಿತು ಎಂಬುದನ್ನು ನಂಬರಿನ ಸಮೇತ ಬರೆಸಿಕೊಂಡು, ಗೇಟ್ ಪಾಸ್ ಕೊಟ್ಟು ಹೊರಟೆ.

ಮಾರನೇ ಬೆಳಿಗ್ಗೆ ಮತ್ತೆ ಅದೇ ಅಂಗಳ, ಅದೇ ಚಳಿ. ಈ ಸಲ ನಾನು ಕಿಟಕಿ ಇಳಿಸಿ ಸ್ಟಾರ್ಟ್ ಮಾಡಿದೆ. ಕಟಕಟ ಇಲ್ಲ. ಹೆಂಡತಿ ಕಡೆ ನೋಡಿದೆ. ಅವಳು ಇನ್ನೂ ಕಿವಿಗೊಟ್ಟೇ ನಿಂತಿದ್ದಳು. "ಅದು ಹೋಗಿದೆ ಕಣ್ರೀ. ಆದರೆ ಕೆಳಗೆ ಬೇರೆ ಏನೋ ಟಪಟಪ ಅಂತಿದೆ ನೋಡಿ" ಅಂದಳು.

ಗೋಣಿ ಹಾಸಿ ಕೆಳಗೆ ಮಲಗಿ ನೋಡಿದೆ. ಇಂಜಿನ್ನಿನ ಅಡಿಯ ಪ್ಲಾಸ್ಟಿಕ್ ಕವರಿಗೆ ಎಂಟು ಕ್ಲಿಪ್ಪು ಇರಬೇಕಾದ ಕಡೆ ಏಳಿದ್ದವು. ವಾರಂಟಿಗೆ ಬರುತ್ತದೆ, ಹೋದರೆ ಹಾಕಿಕೊಡುತ್ತಾರೆ, ಹೋಗಿ ಬರಲು 120 ಕಿಲೋಮೀಟರ್. ತೀರ್ಥಹಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಒಂದು ಕ್ಲಿಪ್ಪು ತಂದು ನಾನೇ ಒತ್ತಿದೆ. ಅದಕ್ಕೆ ಜಾಬ್ ಕಾರ್ಡು ಮಾಡಿಸಲಿಲ್ಲ.